ಬೆಟ್ಟ ಕಾಯೋನ ಕೈಲಿದ್ದ ದೊಣ್ಣೆ ಎಲ್ಲಿ ಹೋಯ್ತು?

ರೇಂಜರ್ ಅಂದ ತಕ್ಷಣ ನಮಗೆ ನೆನಪಾಗೋದು ಖಾಕಿ ತೊಟ್ಟ ಅರಣ್ಯ ಇಲಾಖೆಯ ಅಧಿಕಾರಿ. ಇಂಗ್ಲೆಂಡಿನ ನ್ಯಾಷನಲ್ ಪಾರ್ಕುಗಳಲ್ಲಿ ರೇಂಜರ್ ಅಂದ್ರೆ ಬಂದವರ ಹತ್ತಿರ ನಿಂತು ಮಾತಾಡೋ ಮನುಷ್ಯ. ಈ ಕೆಲಸ ಹುಟ್ಟಿದ್ದರ ಹಿಂದೆ ದೊಡ್ಡ ಜಗಳವೇ ಇದೆ.

ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವೆ ಪೀಕ್ ಡಿಸ್ಟ್ರಿಕ್ಟ್ ಅಂತ ಒಂದು ಗುಡ್ಡಗಾಡು ಸೀಮೆ. ಅದರ ನೆತ್ತಿಯೇ ಕಿಂಡರ್ ಸ್ಕೌಟ್, ಎತ್ತರ 636 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮೂರನೇ ಒಂದು ಭಾಗ ಅಷ್ಟೇ! 1930ರ ದಶಕದಲ್ಲಿ ವಾರವಿಡೀ ಕಾರ್ಖಾನೆ ಹೊಗೆ ಕುಡಿಯುತ್ತಿದ್ದ ಕೂಲಿಕಾರರಿಗೆ, ಕೆಲಸ ಕಳಕೊಂಡವರಿಗೆ ಭಾನುವಾರದ ಪುಕ್ಕಟೆ ಖುಷಿ ಅಂದ್ರೆ ಬೆಟ್ಟ ಹತ್ತೋದು. ಆದ್ರೆ ಬೆಟ್ಟ ಜಮೀನ್ದಾರರದ್ದು. ಗ್ರೌಸ್ ಅನ್ನೋ ಹಕ್ಕಿಯ ಬೇಟೆಗೆ ಮೀಸಲು. ಬೇಟೆ ವರ್ಷದಲ್ಲಿ ಕೆಲವೇ ದಿನ, ಬೆಟ್ಟಕ್ಕೆ ಬೀಗ ಮಾತ್ರ ವರ್ಷವಿಡೀ. ಕಾಲಿಟ್ಟವರನ್ನ ಓಡಿಸೋಕೆ ದೊಣ್ಣೆ ಹಿಡಿದ ಕಾವಲುಗಾರರು ಇರುತ್ತಿದ್ದರು.

1932ರ ಏಪ್ರಿಲ್ 24, ಭಾನುವಾರ. ಬೆನ್ನಿ ರಾಥ್‌ಮನ್ ಅನ್ನೋ 20ರ ಹುಡುಗನ ಮುಂದಾಳ್ತನದಲ್ಲಿ ನೂರಾರು ಜನ ಹೇಫೀಲ್ಡ್‌ನಿಂದ ಬೇಕಂತಲೇ ಕಿಂಡರ್ ಹತ್ತಿದರು. ಕಾವಲುಗಾರರ ಜೊತೆ ಕೈಕೈ ಮಿಲಾಯಿಸಿತು. ಐವರಿಗೆ 2ರಿಂದ 6 ತಿಂಗಳ ಜೈಲು. ಇದೊಂದರಿಂದಲೇ ಕಾನೂನು ಬಂತು ಅಂದ್ರೆ ತಪ್ಪಾಗುತ್ತೆ. ಚಾರಣಿಗರ ಸಂಘಗಳು ಅದಕ್ಕೂ ಮೊದಲಿಂದ ಕೇಳುತ್ತಲೇ ಇದ್ದವು. ಈ ನುಗ್ಗಾಟದಿಂದ ಕೆಲಸ ಕೆಡುತ್ತೆ ಅಂತ ಸಿಟ್ಟಾದ ಹಿರಿಯ ಚಾರಣಿಗರೂ ಇದ್ದರು.

ಕೊನೆಗೆ 1949ರಲ್ಲಿ ಕಾನೂನು ಬಂತು, 1951ರ ಏಪ್ರಿಲ್‌ನಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ನ್ಯಾಷನಲ್ ಪಾರ್ಕ್ ಆಯ್ತು. ನನಗೆ ಕುತೂಹಲ ಹುಟ್ಟಿಸಿದ್ದು ಇದರ ಮುಂದಿನ ಭಾಗ. ಪಾರ್ಕ್ ಅಂತ ಘೋಷಿಸಿದರೂ ನೆಲ ಸರ್ಕಾರದ್ದಾಗಲಿಲ್ಲ! ಹೆಚ್ಚಿನದು ಜಮೀನ್ದಾರರು, ರೈತರ ಕೈಯಲ್ಲೇ ಉಳಿಯಿತು. ಅವರನ್ನ ಒಪ್ಪಿಸಿ, ಒಪ್ಪಂದ ಮಾಡಿಕೊಂಡು ದಾರಿ ತೆರೆಸಬೇಕು. ಅವರ ಭಯವೂ ಸುಳ್ಳಲ್ಲ. ಗೇಟ್ ತೆರೆದಿಟ್ಟು ಹೋದರೆ ಕುರಿ ಕಳೆದುಹೋಗುತ್ತೆ. ಬೆಟ್ಟದ ಮೇಲಿನ ಪೀಟ್ ಮಣ್ಣಿಗೆ ಬೆಂಕಿ ಬಿದ್ದರೆ ನೆಲದೊಳಗೇ ದಿನಗಟ್ಟಲೆ ಉರಿಯುತ್ತೆ.

ಇದಕ್ಕೆ ಸಿಕ್ಕ ಉತ್ತರ ವಾರ್ಡನ್, ಇಂದಿನ ರೇಂಜರ್. ನಿಯಮ ಪಾಲನೆ ನೋಡಿಕೊಳ್ಳೋದರ ಜೊತೆಗೆ ಜನರಿಗೆ ಸಲಹೆ, ಸಹಾಯ ಕೊಡೋದೂ ಇವರ ಕೆಲಸ ಅಂತ 1949ರ ಕಾನೂನಿನಲ್ಲೇ ಬರೆದಿತ್ತು. 1954ರ ಗುಡ್ ಫ್ರೈಡೇ ದಿನ, ಕಿಂಡರ್ ಬುಡದ ಈಡೇಲ್ ಹಳ್ಳಿಯಲ್ಲಿ ಈ ಸೇವೆ ಶುರುವಾಯ್ತು. ಮೊದಲ ವಾರ್ಡನ್ ಟಾಮ್ ಟಾಮ್ಲಿನ್ಸನ್. ರಜಾದಿನಗಳಲ್ಲಿ ಅವರ ಜೊತೆ ಸ್ವಯಂಸೇವಕರು ನಿಂತರು. 22 ವರ್ಷದ ಹಿಂದೆ ದೊಣ್ಣೆ ಬೀಸಿದ್ದ ಬೆಟ್ಟದಲ್ಲಿ ಈಗ ದಾರಿ ಹೇಳೋರು!

'ಪ್ರವೇಶವಿಲ್ಲ' ಅನ್ನೋ ಬೋರ್ಡ್ ಕಾರಣ ಹೇಳೋಲ್ಲ. ಎದುರಿಗೆ ನಿಂತ ಮನುಷ್ಯ ಹೇಳ್ತಾನೆ. ಅಲ್ಲಿ ತೆರೆದ ಬೆಟ್ಟಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಗೆ ಗಿಡ್ಡ ಹಗ್ಗ ಕಟ್ಟಿರಲೇಬೇಕು. ಬರೀ ನಿಯಮ ಅಂದ್ರೆ ರೇಗುತ್ತೆ. ಹಕ್ಕಿಗಳು ನೆಲದ ಮೇಲೇ ಗೂಡು ಕಟ್ಟೋ ಕಾಲ ಕಣಪ್ಪಾ ಅಂದ್ರೆ ಯಾರು ಬೇಡ ಅಂತಾರೆ?

ಹಳ್ಳಿಗಾಡಿಗೆ ಬರುವವರಿಗಾಗಿ 1951ರಲ್ಲಿ ಹೊರಟ 'ಕಂಟ್ರಿ ಕೋಡ್' ಬಹುಪಾಲು ಮಾಡು-ಮಾಡಬೇಡಗಳ ಪಟ್ಟಿ. ಅದೇ ಕೋಡನ್ನ 2021ರಲ್ಲಿ ತಿದ್ದಿದಾಗ, ಎದುರು ಸಿಕ್ಕವರನ್ನ ಮಾತಾಡಿಸಿ ಅನ್ನೋ ಮಾತೂ ಸೇರಿತು. 2002ರಲ್ಲಿ, ಆ ನುಗ್ಗಾಟದ 70ನೇ ವರ್ಷ, ಅಂದು ಕಿಂಡರ್‌ನ ಒಡೆಯರಾಗಿದ್ದ ಡೆವನ್‌ಶೈರ್ ಡ್ಯೂಕ್ ಮನೆತನದ ಮೊಮ್ಮಗ ಬಹಿರಂಗವಾಗಿ ಕ್ಷಮೆ ಕೇಳಿದರು.

ದುಡ್ಡು ಕಮ್ಮಿಯಾದಾಗ ಮನುಷ್ಯರ ಜಾಗಕ್ಕೆ ಬೋರ್ಡು, ಆ್ಯಪ್ ಹಾಕಿ ಮುಗಿಸೋ ಯೋಚನೆ ಎಲ್ಲಾ ಕಡೆ ಬರುತ್ತೆ. ಆದ್ರೆ ಕಿಂಡರ್‌ನ ದಾರಿಗಳು ತೆರೆದದ್ದರಲ್ಲಿ ಅಲ್ಲೊಬ್ಬ ನಿಂತು ಮಾತಾಡ್ತಾನೆ ಅನ್ನೋ ನಂಬಿಕೆಯ ಪಾಲೂ ಇದೆ. ಆ ಮನುಷ್ಯನನ್ನೇ ತೆಗೆದರೆ ಮತ್ತೆ ಉಳಿಯೋದು ಬೇಲಿ ಮತ್ತು ಬೀಗ ಅಂತ ನನಗನ್ನಿಸುತ್ತೆ. ನೀವೇನಂತೀರಿ?