ವ್ಯಾಯಾಮ: ಅವರವರ ಮಾರಿನಷ್ಟು

ಎರಡು ತೋಳು ಚಾಚಿ ಹೂವಿನ ಮಾಲೆ ಅಳೆದರೆ ಒಂದು ಮಾರು. ಸಂಸ್ಕೃತದಲ್ಲಿ ಆ ಅಳತೆಗಿದ್ದ ಹಳೆಯ ಹೆಸರುಗಳಲ್ಲಿ ‘ವ್ಯಾಯಾಮ’ವೂ ಒಂದು. ‘ಯಮ್’ ಧಾತುವಿಗೆ ‘ವಿ’, ‘ಆ’ ಸೇರಿದರೆ ಎಳೆದು ಹರಡು, ಚಾಚು ಎಂಬ ಅರ್ಥ. ಬೌಧಾಯನ ಶುಲ್ಬಸೂತ್ರದಲ್ಲಿ ನಾಲ್ಕು ಅರತ್ನಿಗೆ, ಅಂದರೆ ನಾಲ್ಕು ಮೊಳಕ್ಕೆ, ಒಂದು ವ್ಯಾಯಾಮ. ಮೈಯೇ ಅಳತೆಗೋಲಾಗಿದ್ದ ಕಾಲದ ಮಾತು ಅದು.

ಚಾಚುವುದು ದುಡಿಮೆಯಾಯಿತು, ಪ್ರಯತ್ನವಾಯಿತು. ಬುದ್ಧನ ಅಷ್ಟಾಂಗ ಮಾರ್ಗದ ಆರನೆಯ ಅಂಗ ‘ಸಮ್ಮಾ ವಾಯಾಮ’. ಅಲ್ಲಿ ಬೆವರುವುದು ಮನಸ್ಸು. ಕೌಟಿಲ್ಯನಲ್ಲಿ ‘ಶಮ’ಕ್ಕೆ, ಅಂದರೆ ನೆಮ್ಮದಿಗೆ, ಜೋಡಿಯಾಗಿ ಬರುವ ವ್ಯಾಯಾಮ ರಾಜ್ಯದ ಉದ್ಯಮ.

ಪದ ಮೈಗೆ ಮರಳಿದ್ದು ವೈದ್ಯರ ಕೈಯಲ್ಲಿ. ಚರಕ ದೇಹವ್ಯಾಯಾಮವನ್ನು ವಿವರಿಸುವಾಗಲೇ ‘ಮಾತ್ರೆ’ಯನ್ನು, ಅಂದರೆ ಪ್ರಮಾಣವನ್ನು, ಸೇರಿಸಿದ. ಸುಶ್ರುತ ಇನ್ನೂ ಖಚಿತ: ತನ್ನ ಬಲದ ಅರ್ಧದಷ್ಟು ಮಾತ್ರ. ಅರ್ಧವಾಯಿತೆಂದು ತಿಳಿಯುವುದು ಹೇಗೆ? ಎದೆಯ ಉಸಿರು ಬಾಯಿಗೆ ಬಂದಾಗ. ಪಕ್ಕದವನ ಬಲ ಇಲ್ಲಿ ಲೆಕ್ಕಕ್ಕೇ ಇಲ್ಲ ಎಂಬುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರ ‘ವ್ಯಾಯಾಮಶಾಲೆ’ ಈ ಪದಕ್ಕೆ ಹೊಸ ಮೆರುಗು ಕೊಟ್ಟಿತು. ಶಾಲೆಯ ಮೈದಾನದಲ್ಲಿ ಮಾತ್ರ ಅದು ಡ್ರಿಲ್ ಆಗಿ ಕುಗ್ಗಿತು. ಒಂದೇ ಸೀಟಿಗೆ ಎಲ್ಲರ ಕೈ ಮೇಲೆ. ಎತ್ತಲಾಗದ ಮಗು ಮರದ ಕೆಳಗೆ.

ಆ ಮಗುವನ್ನು ಮೈದಾನಕ್ಕೆ ಕರೆಯುವ ವಿದ್ಯೆಯೊಂದು ಈಗ ಬೆಳೆದಿದೆ. ದೇಹಕ್ಕೆ ತಕ್ಕಂತೆ ಚಟುವಟಿಕೆಯನ್ನು ಒಗ್ಗಿಸುವ ಈ ಕ್ಷೇತ್ರದ ಅಂತರರಾಷ್ಟ್ರೀಯ ಒಕ್ಕೂಟ 1973ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿತು. ಬೆಲ್ಜಿಯಂನ ಲೂವೆನ್‌ನಂಥ ವಿಶ್ವವಿದ್ಯಾಲಯಗಳಲ್ಲಿ ಇದರಲ್ಲಿ ಪಿಎಚ್.ಡಿ. ಮಾಡುವವರಿದ್ದಾರೆ. ಅಂಥ ಸಂಶೋಧನಾರ್ಥಿ ಬೇಗನೆ ಕಲಿಯಬೇಕಾದದ್ದು ಸಿದ್ಧ ಸೂತ್ರಗಳನ್ನು ಶಂಕಿಸುವುದನ್ನು. 220ರಿಂದ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತ ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. 30ರ ವಯಸ್ಸಿಗೆ 190. ಆದರೆ ಕತ್ತಿನ ಮಟ್ಟದಲ್ಲಿ ಬೆನ್ನುಹುರಿ ಪೂರ್ತಿ ಘಾಸಿಗೊಂಡವರಲ್ಲಿ ಹೃದಯವನ್ನು ಚುರುಕುಗೊಳಿಸುವ ನರಗಳಿಗೆ ಮಿದುಳಿನ ಆದೇಶ ತಲುಪುವುದಿಲ್ಲ. ಗಾಲಿಕುರ್ಚಿಯನ್ನು ಎಷ್ಟೇ ಜೋರಾಗಿ ನೂಕಿದರೂ ಬಡಿತ ಸಾಮಾನ್ಯವಾಗಿ 130ರ ಆಸುಪಾಸಿಗೇ ನಿಲ್ಲುತ್ತದೆ. ಪೆಟ್ಟಾದ ಜಾಗದಿಂದ ಕೆಳಗೆ ಬೆವರೂ ಸರಿಯಾಗಿ ಬರದು. ಬಡಿತವನ್ನಷ್ಟೇ ನಂಬಿದ ಸಂಶೋಧಕ ‘ಇವರು ಸಾಕಷ್ಟು ಶ್ರಮಿಸಲಿಲ್ಲ’ ಎಂದು ತಪ್ಪು ಬರೆಯುತ್ತಾನೆ. ಅದಕ್ಕೇ ಉಸಿರನ್ನು ಗಮನಿಸುತ್ತಾರೆ. ಎಷ್ಟು ದಣಿವಾಯಿತೆಂದು 6ರಿಂದ 20ರವರೆಗಿನ ಬೋರ್ಗ್ ಮಾಪಕದಲ್ಲಿ ಅವರನ್ನೇ ಕೇಳುತ್ತಾರೆ. ಒಂದೇ ಬಗೆಯ ಘಾಸಿಯಾದವರು ಹೆಚ್ಚು ಮಂದಿ ಸಿಗುವುದೂ ಕಷ್ಟ. ಹಾಗಾಗಿ ಕೆಲವು ಅಧ್ಯಯನಗಳಲ್ಲಿ ಒಬ್ಬರ ಇಂದಿನ ಅಳತೆಯನ್ನು ಅದೇ ವ್ಯಕ್ತಿಯ ಹಿಂದಿನ ವಾರಗಳ ಅಳತೆಗಳೊಂದಿಗೆ ಹೋಲಿಸುತ್ತಾರೆ.

ಈ ಕ್ಷೇತ್ರವನ್ನು ಕನ್ನಡದಲ್ಲಿ ‘ಹೊಂದಾಣಿಕೆಯ ದೈಹಿಕ ಚಟುವಟಿಕೆ’ ಎನ್ನುವುದುಂಟು. ನನಗದು ಒಪ್ಪಿಗೆಯಿಲ್ಲ. ಹೊಂದಾಣಿಕೆ ಎಂದೊಡನೆ ಅಸಲಿಗಿಂತ ಒಂದು ಮೆಟ್ಟಿಲು ಕೆಳಗಿನದ್ದೇನೋ ಎಂಬ ಧ್ವನಿ ಬರುತ್ತದೆ. ಸುಶ್ರುತನ ಅರ್ಥದಲ್ಲಿ ನೋಡಿದರೆ ಗಾಲಿಕುರ್ಚಿಯಲ್ಲಿ ಕೂತವರು ಮಾಡುವುದೂ ವ್ಯಾಯಾಮವೇ, ಬೇರೆ ವಿಶೇಷಣ ಬೇಡ.