ಲಂಗೋಟಿ ಒಗೆತ
ಹಸುಗೂಸಿನ ಬಟ್ಟೆ ಲಂಗೋಟಿಯನ್ನು ಮನೆಯಲ್ಲೇ ಒಗೆದು ಮತ್ತೆ ಬಳಸುವ ಕ್ರಮ. ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಹಳೆಯ ಹತ್ತಿ ಸೀರೆ, ಪಂಚೆ ಹರಿದು ಲಂಗೋಟಿ ಮಾಡುವುದುಂಟು. ಕೂಸಿನ ಕೆಳಗೆ ಹಾಸಲು ಕೌದಿ, ಅಂದರೆ ಹಳೆ ಬಟ್ಟೆ ಸೇರಿಸಿ ಹೊಲಿದ ಹಾಸು.

ಮಲವನ್ನು ಮೊದಲು ತಣ್ಣೀರಲ್ಲೇ ತೊಳೆಯಬೇಕು. ಬಿಸಿನೀರು ತಾಗಿದರೆ ಕಲೆ ಕೂರುತ್ತದೆ. ಆಮೇಲೆ ಸಾಬೂನು ಹಚ್ಚಿ ಒಗೆದು, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಬೇಕು. ಉಳಿದ ಸಾಬೂನಿನಿಂದಲೂ ಕೂಸಿನ ತೊಡೆ ಕೆಂಪಾಗುತ್ತದೆ. ಕಲೆ ಹೋದ ಮೇಲೆ ಕುದಿನೀರು, ಬಿಸಿಲು ರೋಗಾಣುಗಳನ್ನು ತಗ್ಗಿಸುತ್ತವೆ. ಬಟ್ಟೆ ಮೆದುವಾಗಿಸುವ ದ್ರವ ಬೇಡವೇ ಬೇಡ, ಹೀರುವ ಗುಣ ಕುಂದುತ್ತದೆ.

ಒಣಗಿಸುವಾಗ ನಿಜವಾದ ಕಷ್ಟ ಮಳೆಗಾಲದ್ದು. ಬಯಲಿಗೆ ತಾಗಿದ ಹಳಿಯಾಳ, ಮುಂಡಗೋಡದವರು ಹೇಗೋ ಸುಧಾರಿಸಿಕೊಂಡಾರು. ಘಟ್ಟದಂಚಿನ ಜೋಯಿಡಾದಲ್ಲಿ ಜುಲೈ ತಿಂಗಳ ಬಿಸಿಲು ಅಪರೂಪ. ಆಗ ಬಚ್ಚಲೊಲೆಯ ಮೇಲಿನ ಹಗ್ಗವೇ ಗತಿ. ಅರೆ ಒಣಗಿದ ಲಂಗೋಟಿಯನ್ನು ಕೂಸಿಗೆ ಕಟ್ಟಬಾರದು.