ಸರ್ಪಗಂಧದ ಸಾಕ್ಷ್ಯ: ರಕ್ತದೊತ್ತಡದ ಒಂದು ಮದ್ದನ್ನು ತೂಗಿದ ಬಗೆ

ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆ ಎಂಬ ಮಾತು 1931ರಲ್ಲಿ 'ಇಂಡಿಯನ್ ಮೆಡಿಕಲ್ ವರ್ಲ್ಡ್' ಪತ್ರಿಕೆಯಲ್ಲಿ ಅಚ್ಚಾಯಿತು. ಬರೆದವರು ಕಲ್ಕತ್ತದ ಕವಿರಾಜ (ಆಯುರ್ವೇದ ವೈದ್ಯ) ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್. ಹುಚ್ಚಿಗೂ ಏರಿದ ರಕ್ತದೊತ್ತಡಕ್ಕೂ ಇದು ಹೊಸ ಭಾರತೀಯ ಮದ್ದು ಎಂದು ಶೀರ್ಷಿಕೆಯಲ್ಲೇ ಸಾರಿದ್ದರು. ಬಿಹಾರದ ಕಡೆ ಈ ಬೇರಿಗೆ 'ಪಾಗಲ್ ಕಿ ದವಾ' ಎಂದೇ ಹೆಸರು. ನಮ್ಮ ಪಶ್ಚಿಮ ಘಟ್ಟದಲ್ಲೂ ಈ ಗಿಡ ಬೆಳೆಯುತ್ತದೆ. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಬೇರಿನಿಂದ ಹಲವು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜ್ಮಲ್ ಖಾನರ ಗೌರವಾರ್ಥ 'ಅಜ್ಮಲೀನ್' ಎಂದು ಹೆಸರಿಟ್ಟರು. 

ಗಿಡದ ಹಿರಿಮೆಯನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ನೋಡಬೇಕಾದದ್ದು ಈ ಮದ್ದಿನ ಪರವಾಗಿ, ವಿರುದ್ಧವಾಗಿ ಬಂದ ಸಾಕ್ಷ್ಯ ಎಂಥದ್ದು, ವೈದ್ಯಲೋಕ ಯಾವುದಕ್ಕೆ ಎಷ್ಟು ಬೆಲೆ ಕೊಟ್ಟಿತು ಎಂಬುದನ್ನು. ಮದ್ದನ್ನು ಮೇಲೆತ್ತಿದ ಸಾಕ್ಷ್ಯಕ್ಕೆ ಹೋಲಿಸಿದರೆ ಕೆಳಗಿಳಿಸಿದ ಸಾಕ್ಷ್ಯ ತೀರ ಬಡಕಲಾಗಿತ್ತು ಎಂಬುದು ನನ್ನ ವಾದ.

ಸೇನ್ ಮತ್ತು ಬೋಸ್ ಬರೆದ ಕಾಲಕ್ಕೆ ಏರಿದ ಒತ್ತಡವನ್ನು ಇಳಿಸಬೇಕೇ ಬೇಡವೇ ಎಂಬುದೇ ಇತ್ಯರ್ಥವಾಗಿರಲಿಲ್ಲ. ಅಮೆರಿಕದ ಹೆಸರಾಂತ ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್ ತಮ್ಮ ಪಠ್ಯಪುಸ್ತಕದಲ್ಲಿ, ಏರೊತ್ತಡವು ದೇಹ ತಾನೇ ಮಾಡಿಕೊಂಡ ಹೊಂದಾಣಿಕೆ ಇರಬಹುದು, ಅದನ್ನು ಕೆಣಕದಿರುವುದೇ ಲೇಸು ಎಂಬರ್ಥದ ಮಾತು ಬರೆದದ್ದು ಅದೇ 1931ರಲ್ಲಿ. ಆದ್ದರಿಂದ ಎರಡು ಪ್ರಶ್ನೆಗಳಿದ್ದವು. ಮದ್ದು ಕೊಟ್ಟರೆ ಒತ್ತಡಮಾಪಕದ ಪಾದರಸದ ಮಟ್ಟ ಇಳಿಯುತ್ತದೆಯೇ? ಇಳಿದರೆ ರೋಗಿ ಹೆಚ್ಚು ಕಾಲ ಬದುಕುತ್ತಾನೆಯೇ? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದಕ್ಕೂ ಸಿಕ್ಕಂತೆ ಎಂದು ಭಾವಿಸುವ ಚಾಳಿ ವೈದ್ಯರಲ್ಲಿ ಅಂದೂ ಇತ್ತು, ಇಂದೂ ಇದೆ.

ಮೊದಲ ಪ್ರಶ್ನೆಯನ್ನು ಪಶ್ಚಿಮದ ಕಿವಿಗೆ ತಲುಪಿಸಿದವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ರುಸ್ತುಂ ಜಾಲ್ ವಕೀಲ್. 1949ರಲ್ಲಿ 'ಬ್ರಿಟಿಷ್ ಹಾರ್ಟ್ ಜರ್ನಲ್'ನಲ್ಲಿ 50 ರೋಗಿಗಳ ಮೇಲಿನ ಅಧ್ಯಯನ ಪ್ರಕಟಿಸಿದರು. ಬಹುಪಾಲು ಮಂದಿಯಲ್ಲಿ ಒತ್ತಡ ಇಳಿದಿತ್ತು. ಅವರು ಕೊಟ್ಟದ್ದು ಹಿಮಾಲಯ ಡ್ರಗ್ ಕಂಪನಿಯ 'ಸರ್ಪಿನಾ' ಮಾತ್ರೆ. 1930ರಲ್ಲಿ ಡೆಹ್ರಾಡೂನ್‌ನಲ್ಲಿ ಹುಟ್ಟಿದ ಆ ಕಂಪನಿ ಮುಂದೆ ಬೆಂಗಳೂರಿಗೆ ಬಂದು ಇಲ್ಲಿಯದೇ ಆಯಿತು.

ವಕೀಲರ ಲೇಖನ ಶ್ರದ್ಧೆಯಿಂದ ಮಾಡಿದ ಕೆಲಸ. ಆದರೂ ಇಂದಿನ ಕಣ್ಣಿಗೆ ಅದರ ಸಂದು ಥಟ್ಟನೆ ಕಾಣುತ್ತದೆ: ಚೀಟಿ ಎತ್ತಿ ಬೇರ್ಪಡಿಸಿದ, ಹುಸಿಮಾತ್ರೆ ನುಂಗಿದ ಇನ್ನೊಂದು ಗುಂಪು ಅಲ್ಲಿಲ್ಲ. ರಕ್ತದೊತ್ತಡ ದಿನಕ್ಕೊಂದು ಬಗೆ ಇರುತ್ತದೆ. ಒತ್ತಡ ಏರಿದ್ದಾಗಲೇ ಜನ ಆಸ್ಪತ್ರೆಗೆ ಬರುತ್ತಾರೆ, ಏರಿದ್ದಾಗಲೇ ಅಧ್ಯಯನಕ್ಕೆ ಸೇರುತ್ತಾರೆ. ಮತ್ತೆ ಅಳೆದಾಗ ಮದ್ದಿಲ್ಲದೆಯೂ ಹಲವರದು ಇಳಿದಿರುತ್ತದೆ. ಆಸ್ಪತ್ರೆಯ ವಿಶ್ರಾಂತಿ, ಪಟ್ಟಿ ಬಿಗಿಸುವ ಕೈಯ ಪರಿಚಯ, ಅಳೆಯುವವರ ಆಸೆ ಎಲ್ಲವೂ ಅದೇ ದಿಕ್ಕಿಗೆ ಎಳೆಯುತ್ತವೆ. ಇಳಿದದ್ದರಲ್ಲಿ ಬೇರಿನ ಪಾಲೆಷ್ಟು ಎಂದು ಹೋಲಿಕೆಯ ಗುಂಪಿಲ್ಲದೆ ಹೇಳಲಾಗದು.

ಅಲ್ಲಿಂದ ಮುಂದೆ ಎಲ್ಲವೂ ಬೇಗ ನಡೆಯಿತು. ಬಾಸ್ಟನ್‌ನಲ್ಲಿ ರಾಬರ್ಟ್ ವಿಲ್ಕಿನ್ಸ್ ಬೇರಿನ ಪ್ರಯೋಗ ನಡೆಸಿದರು. 1952ರಲ್ಲಿ ಬಾಸೆಲ್‌ನ ಸೀಬಾ ಕಂಪನಿಯ ಮುಲ್ಲರ್, ಶ್ಲಿಟ್ಲರ್, ಬೈನ್ ಬೇರಿನ ಮುಖ್ಯ ಸತ್ವ ರೆಸರ್ಪೀನನ್ನು ಬೇರ್ಪಡಿಸಿದರು. ಅದು 'ಸರ್ಪಾಸಿಲ್' ಆಗಿ ಮಾರುಕಟ್ಟೆಗೆ ಬಂತು. 1957ರಲ್ಲಿ ವಕೀಲರಿಗೆ, ಮರುವರ್ಷ ವಿಲ್ಕಿನ್ಸ್‌ಗೆ ಲಾಸ್ಕರ್ ಪ್ರಶಸ್ತಿ ಸಂದಿತು. ಪ್ರಶಸ್ತಿಗಳು ಬಂದುಹೋದವು, ಎರಡನೆಯ ಪ್ರಶ್ನೆ ಮಾತ್ರ ಇದ್ದಲ್ಲೇ ಇತ್ತು.

ಅದನ್ನು ಕೈಗೆತ್ತಿಕೊಂಡದ್ದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು, ಎಡ್ವರ್ಡ್ ಫ್ರೀಸ್ ಅವರ ಮುಂದಾಳತ್ವದಲ್ಲಿ. ಡಯಾಸ್ಟಾಲಿಕ್ (ಕೆಳಗಿನ) ಒತ್ತಡ 115ರಿಂದ 129ರವರೆಗೆ ಇದ್ದ 143 ಗಂಡಸರು ಈ ಪ್ರಯೋಗದಲ್ಲಿದ್ದರು. 73 ಮಂದಿಗೆ ಹೈಡ್ರೋಕ್ಲೋರೋಥಯಜೈಡ್, ರೆಸರ್ಪೀನ್, ಹೈಡ್ರಲಜೀನ್ ಮೂರೂ ಸೇರಿದ ಚಿಕಿತ್ಸೆ. 70 ಮಂದಿಗೆ ಹುಸಿಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯನಿಗೂ ಗೊತ್ತಿಲ್ಲ.

ಪ್ರಯೋಗ ಶುರುವಾಗುವ ಮುಂಚಿನ ಸಿದ್ಧತೆಯೇ ಒಂದು ಪಾಠ. ಮಾತ್ರೆ ಕೊಟ್ಟರೆ ಸಾಲದು, ನುಂಗಬೇಕಲ್ಲ? ಹಾಗಾಗಿ ಆಯ್ಕೆಗೆ ಮೊದಲೇ ಎಲ್ಲರಿಗೂ ರೈಬೋಫ್ಲೇವಿನ್ ಬೆರೆಸಿದ ಹುಸಿಮಾತ್ರೆ ಕೊಟ್ಟರು. ಈ ಬಿ ಜೀವಸತ್ವ ಮೂತ್ರದಲ್ಲಿ ಹೊರಬೀಳುತ್ತದೆ. ಅತಿನೇರಳೆ ದೀಪ ಹಿಡಿದರೆ ಮೂತ್ರ ಹಳದಿ-ಹಸಿರಾಗಿ ಹೊಳೆಯುತ್ತದೆ. ಹೊಳೆಯದಿದ್ದರೆ ಆಸಾಮಿ ಮಾತ್ರೆ ನುಂಗಿಲ್ಲ ಎಂದರ್ಥ. ಜೊತೆಗೆ ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸುತ್ತಿದ್ದರು. ಹೀಗೆ ಸೋಸಿ, ಹೇಳಿದ ಮಾತು ಕೇಳುವವರನ್ನು ಮಾತ್ರ ಒಳಗೆ ಬಿಟ್ಟುಕೊಂಡರು. ಇದರಿಂದ ಫಲಿತಾಂಶ ಸ್ಪಷ್ಟವಾಯಿತು ನಿಜ, ಆದರೆ ಅದು ಅಚ್ಚುಕಟ್ಟಾಗಿ ಮಾತ್ರೆ ನುಂಗುವ ಗಂಡಸರ ಫಲಿತಾಂಶ ಎಂಬುದನ್ನೂ ನೆನಪಿಡಬೇಕು.

ವರದಿ 1967ರಲ್ಲಿ ಬಂತು. ಹುಸಿಮಾತ್ರೆಯವರಲ್ಲಿ 27 ಮಂದಿಗೆ ಗಂಭೀರ ತೊಂದರೆ, ಅವರಲ್ಲಿ ನಾಲ್ವರ ಸಾವು. ಚಿಕಿತ್ಸೆ ಪಡೆದವರಲ್ಲಿ ತೊಂದರೆ ಇಬ್ಬರಿಗೆ, ಸಾವು ಇಲ್ಲವೇ ಇಲ್ಲ. ಇಷ್ಟು ಸಣ್ಣ ಪ್ರಯೋಗದಲ್ಲಿ ಇಷ್ಟು ದೊಡ್ಡ ಅಂತರ ಹೃದ್ರೋಗ ಚಿಕಿತ್ಸೆಯ ಇತಿಹಾಸದಲ್ಲಿ ಅಪರೂಪ. ಅದೇ ಕೆಳಗಿನ ಒತ್ತಡ 90ರಿಂದ 114ರವರೆಗೆ ಇದ್ದ 380 ಗಂಡಸರ ವರದಿ 1970ರಲ್ಲಿ ಹೊರಬಿತ್ತು: ರಕ್ತದೊತ್ತಡ ಅಥವಾ ರಕ್ತನಾಳದ ಕಾಯಿಲೆಯಿಂದ ಸತ್ತವರು ಹುಸಿಮಾತ್ರೆಯಲ್ಲಿ 19, ಚಿಕಿತ್ಸೆಯಲ್ಲಿ 8. ಪಾರ್ಶ್ವವಾಯು ಮತ್ತು ಹೃದಯ ಸೋಲುವುದು ಎದ್ದು ಕಾಣುವಷ್ಟು ತಗ್ಗಿದವು; ಹೃದಯಾಘಾತದಲ್ಲಿ ಅಂಥ ಅಂತರವೇನೂ ಕಾಣಲಿಲ್ಲ. ಕೆಣಕಬಾರದು ಎಂಬ ಹಳೆಯ ವಾದ ಇದರೊಂದಿಗೆ ಮುಗಿಯಿತು.

ಗೆದ್ದದ್ದು ಯಾರು? ಒತ್ತಡ ಇಳಿಸುವ ನೀತಿ ಗೆದ್ದಿತು. ಮೂರು ಮದ್ದುಗಳನ್ನು ಒಟ್ಟಿಗೆ ಕೊಟ್ಟಾಗ ರೆಸರ್ಪೀನಿನ ಪಾಲೆಷ್ಟು ಎಂದು ಬಿಡಿಸಿ ಹೇಳಲು ಆ ಪ್ರಯೋಗದಿಂದ ಸಾಧ್ಯವಿಲ್ಲ. ಸರ್ಪಗಂಧದ ಅಭಿಮಾನಿಗಳು 1967ರ ಕೀರ್ತಿಯನ್ನೆಲ್ಲ ಬೇರಿನ ತಲೆಗೆ ಕಟ್ಟುವಾಗ ಇದನ್ನು ಮರೆಯುತ್ತಾರೆ.

ಇನ್ನು ಆರೋಪಗಳು. ರೆಸರ್ಪೀನ್ ನರತುದಿಗಳಲ್ಲಿನ ನಾರಡ್ರಿನಲೀನ್ ದಾಸ್ತಾನನ್ನು ಬರಿದು ಮಾಡುತ್ತದೆ, ಒತ್ತಡ ಇಳಿಯುವುದು ಅದರಿಂದಲೇ. ಮೂಗು ಕಟ್ಟುವುದು, ಮಂಪರು ಅದರ ಜೊತೆಗೇ ಬರುವಂಥವು. ಮನಸ್ಸು ಕುಗ್ಗಿ ಖಿನ್ನತೆಗೆ ಬೀಳುತ್ತಾರೆ ಎಂಬುದು ದೊಡ್ಡ ದೂರು. ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡ ರೋಗಿಗಳ ಖಿನ್ನತೆಯ ಬಗ್ಗೆ 1954ರಲ್ಲಿ ಬರೆದವರು ಇದೇ ಫ್ರೀಸ್. ಮರುವರ್ಷ ಲಂಡನ್ನಿನ ಡೇವಿಸ್ ಮತ್ತು ಶೆಪರ್ಡ್ ಆತಂಕ, ಖಿನ್ನತೆ ಇದ್ದವರಿಗೇ ರೆಸರ್ಪೀನ್ ಕೊಟ್ಟು ಹುಸಿಮಾತ್ರೆಯೊಂದಿಗೆ ಹೋಲಿಸಿದರು. ಚೀಟಿ ಎತ್ತಿ ಗುಂಪು ಮಾಡಿದ ಆ ಪ್ರಯೋಗದಲ್ಲಿ ರೆಸರ್ಪೀನ್ ಪಡೆದವರೇ ಹೆಚ್ಚು ಸುಧಾರಿಸಿದರು. ಬಿಡಿ ರೋಗಿಗಳ ವರದಿ ಪಠ್ಯಪುಸ್ತಕ ಸೇರಿತು, ಪ್ರಯೋಗ ಮೂಲೆ ಸೇರಿತು. ಖಿನ್ನತೆಗೆ ಮಿದುಳಿನ ರಾಸಾಯನಿಕಗಳ ಕೊರತೆಯೇ ಕಾರಣ ಎಂಬ ಸಿದ್ಧಾಂತ ಆಗ ಮೊಳೆಯುತ್ತಿತ್ತು. ಬಿಡಿ ವರದಿಗಳು ಅದಕ್ಕೆ ಹೇಳಿ ಮಾಡಿಸಿದಂತಿದ್ದವು, ಪ್ರಯೋಗ ಹೊಂದುತ್ತಿರಲಿಲ್ಲ.

ಇದಕ್ಕಿಂತ ಜೋರಾದ ಪೆಟ್ಟು ಬಿದ್ದದ್ದು 1974ರ ಸೆಪ್ಟೆಂಬರಿನಲ್ಲಿ. 'ಲ್ಯಾನ್ಸೆಟ್'ನ ಒಂದೇ ಸಂಚಿಕೆಯಲ್ಲಿ ಬಾಸ್ಟನ್, ಬ್ರಿಸ್ಟಲ್, ಹೆಲ್ಸಿಂಕಿಯಿಂದ ಮೂರು ವರದಿಗಳು ಬಂದವು. ಸ್ತನ ಕ್ಯಾನ್ಸರ್ ಬಂದ ಹೆಂಗಸರಲ್ಲಿ ರೆಸರ್ಪೀನ್ ಬಳಸಿದವರು ಹೆಚ್ಚು. ಅಪಾಯ ಬಾಸ್ಟನ್ ಲೆಕ್ಕದಲ್ಲಿ ಮೂರೂವರೆ ಪಟ್ಟು, ಉಳಿದೆರಡರಲ್ಲಿ ಎರಡು ಪಟ್ಟು. ಮೂರು ಊರು ಒಂದೇ ಮಾತು ಹೇಳಿದರೆ ಯಾರು ತಾನೇ ನಂಬುವುದಿಲ್ಲ? ಸೈನಿಕರ ಪ್ರಯೋಗದಲ್ಲಿ ಹೆಂಗಸರೇ ಇರಲಿಲ್ಲವಾದ್ದರಿಂದ ಅದು ಇಲ್ಲಿ ಏನನ್ನೂ ಹೇಳಲಾರದು.

ಇವು ಕ್ಯಾನ್ಸರ್ ಬಂದವರನ್ನೂ ಬಾರದವರನ್ನೂ ಪಕ್ಕಪಕ್ಕ ಇಟ್ಟು ಹಿಂದಿನದನ್ನು ಕೆದಕುವ ಅಧ್ಯಯನಗಳು. ಇವುಗಳ ಜೀವವೆಲ್ಲ ಹೋಲಿಕೆಗೆ ಯಾರನ್ನು ಆರಿಸಿದರು ಎಂಬುದರಲ್ಲಿದೆ. ಮುಂದಿನ ವರ್ಷವೇ ಬಂದ ಬೇರೆ ಅಧ್ಯಯನಗಳಿಗೆ ಆ ನಂಟು ಕಾಣಲಿಲ್ಲ. ಕಾರಣವನ್ನು ಹೊರಗೆಳೆದದ್ದು 1985ರಲ್ಲಿ ಹಾರ್ವಿಟ್ಜ್ ಮತ್ತು ಫೈನ್‌ಸ್ಟೈನ್: ಹೋಲಿಕೆಯ ಗುಂಪಿನಿಂದ ಹೃದಯ, ರಕ್ತನಾಳದ ಕಾಯಿಲೆ ಇದ್ದವರನ್ನು ಕೈಬಿಡಲಾಗಿತ್ತು, ಕ್ಯಾನ್ಸರ್ ಗುಂಪಿನಿಂದ ಹಾಗೆ ಬಿಟ್ಟಿರಲಿಲ್ಲ. ರಕ್ತದೊತ್ತಡದ ಮದ್ದು ನುಂಗುವವರು ಅವರೇ ತಾನೆ! ಅವರನ್ನು ಒಂದು ಕಡೆಯಿಂದ ಮಾತ್ರ ತೆಗೆದರೆ ಇನ್ನೊಂದು ಕಡೆ ರೆಸರ್ಪೀನ್ ತುಂಬಿ ತುಳುಕಿದಂತೆ ಕಾಣದೆ ಇನ್ನೇನು? ಮೂರು ಊರು ಒಂದೇ ಮಾತು ಆಡಿದ್ದವು, ಒಂದೇ ಬಗೆಯಲ್ಲಿ ಎಡವಿಯೂ ಇದ್ದವು. ಇಲಿಗಳಲ್ಲಿ ಗೆಡ್ಡೆ ಕಂಡದ್ದರಿಂದ ಅಮೆರಿಕದ ಸರ್ಕಾರಿ ಪಟ್ಟಿಯಲ್ಲಿ ರೆಸರ್ಪೀನ್ ಮೇಲೆ ಕ್ಯಾನ್ಸರ್ ಶಂಕೆ ಹಾಗೇ ಉಳಿದಿದೆ ಎಂಬುದನ್ನೂ ಹೇಳಬೇಕು.

1974ರ ವರದಿಗಳ ಈ ಖಂಡನೆ ಬರುವಷ್ಟರಲ್ಲಿ ಹನ್ನೊಂದು ವರ್ಷ ಕಳೆದಿತ್ತು. ಬೀಟಾ ಬ್ಲಾಕರುಗಳು, ಆಮೇಲೆ ಬೇರೆ ಮಾತ್ರೆಗಳು ಜಾಗ ಹಿಡಿದಿದ್ದವು. ಪೇಟೆಂಟ್ ತೀರಿದ, ಪೈಸೆಗೆ ಸಿಗುವ ಮದ್ದಿನ ಪರ ವಾದಿಸಲು ಯಾವ ಕಂಪನಿಗೂ ಲಾಭವಿರಲಿಲ್ಲ. ಹೊಸವು ನಿಜಕ್ಕೂ ಸಹಿಸಲು ಸುಲಭವಾಗಿದ್ದವು ಎಂಬುದೂ ಸುಳ್ಳಲ್ಲ. ಆದರೂ ದೊಡ್ಡ ಪ್ರಯೋಗಗಳು ರೆಸರ್ಪೀನನ್ನು ಪೂರ್ತಿ ಬಿಡಲಿಲ್ಲ. 1979ರಲ್ಲಿ ಫಲಿತಾಂಶ ಕೊಟ್ಟ, 10,940 ಮಂದಿಯ ಅಮೆರಿಕದ ಎಚ್.ಡಿ.ಎಫ್.ಪಿ. ಅಧ್ಯಯನದಲ್ಲಿ ಅದು ಎರಡನೆಯ ಹಂತದ ಮದ್ದು. 60 ದಾಟಿದ 4,736 ಮಂದಿಯ 1991ರ 'ಶೆಪ್' ಪ್ರಯೋಗದಲ್ಲಿ ಪಾರ್ಶ್ವವಾಯು ಶೇಕಡ 36ರಷ್ಟು ಇಳಿಯಿತು. ಅಲ್ಲಿ ಅಟೆನೊಲಾಲ್ ಎಂಬ ಬೀಟಾ ಬ್ಲಾಕರ್ ಒಗ್ಗದವರಿಗೆ ಕೊಡುತ್ತಿದ್ದದ್ದು ದಿನಕ್ಕೆ 0.05ರಿಂದ 0.1 ಮಿಲಿಗ್ರಾಂ ರೆಸರ್ಪೀನ್.

ರೆಸರ್ಪೀನನ್ನು ಒಂಟಿಯಾಗಿ ಹುಸಿಮಾತ್ರೆಯೊಂದಿಗೆ ಹೋಲಿಸಿದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ ವಿಮರ್ಶಕರು 2009ರಲ್ಲಿ ಹುಡುಕಿದರು. ಅಳತೆಗೆ ನಿಂತದ್ದು ನಾಲ್ಕು, ಒಟ್ಟು ರೋಗಿಗಳು 237. ಮೇಲಿನ (ಸಿಸ್ಟಾಲಿಕ್) ಒತ್ತಡ ಸರಾಸರಿ 8 ಮಿಲಿಮೀಟರಿನಷ್ಟು ಇಳಿದಿತ್ತು. ಯಾವ ಪ್ರಮಾಣಕ್ಕೆ ಎಷ್ಟು ಎಂದು ಹೇಳುವಷ್ಟು ಸಾಕ್ಷ್ಯ ಸಿಗಲಿಲ್ಲ. ವಕೀಲರ ಲೇಖನ ಬಂದು ಅಷ್ಟರಲ್ಲಿ ಅರವತ್ತು ವರ್ಷವಾಗಿತ್ತು. ಚೀನಾದಲ್ಲಿ ರೆಸರ್ಪೀನ್ ಇಂದಿಗೂ ಬಳಕೆಯಲ್ಲಿದೆ, ಹೈಡ್ರೋಕ್ಲೋರೋಥಯಜೈಡ್ ಮತ್ತು ಟ್ರಯಾಮ್ಟೆರೀನ್ ಜೊತೆ ಸೇರಿದ ಅಗ್ಗದ ಮಾತ್ರೆಯಾಗಿ. ಅಲ್ಲಿಯೂ ಅದರ ಪಾಲನ್ನು ಬಿಡಿಸಿ ನೋಡುವುದು ಸುಲಭವಲ್ಲ.